ದಕ್ಷಿಣ ಕನ್ನಡ ಮತ್ತು ಯಾದಗಿರಿ: ಬದುಕಿನ ಮಟ್ಟದ ತುಲನೆ

ದಕ್ಷಿಣ ಕನ್ನಡ ಮತ್ತು ಯಾದಗಿರಿ ಕರ್ನಾಟಕದ ಎರಡು ಜಿಲ್ಲೆಗಳು. ಮೊದಲನೆಯದು ಅರಬ್ಬೀ ಸಮುದ್ರಕ್ಕೂ ಪಶ್ಚಿಮ ಘಟ್ಟಕ್ಕೂ ನಡುವಿನ ಇಳಿಜಾರು. ಎರಡನೆಯದು ಕೃಷ್ಣಾ ಮತ್ತು ಭೀಮಾ ನದಿಗಳು ಹಾಯುವ ಬಯಲುಸೀಮೆ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಜನಸಂಖ್ಯೆ ಸುಮಾರು 20.9 ಲಕ್ಷ, ಯಾದಗಿರಿಯದು ಸುಮಾರು 11.7 ಲಕ್ಷ. ಎರಡೂ 1956ರಿಂದ ಒಂದೇ ಸರ್ಕಾರದ ಆಡಳಿತದಲ್ಲಿವೆ. ಪಠ್ಯಪುಸ್ತಕ ಒಂದೇ, ಪಡಿತರ ಚೀಟಿಯ ನಮೂನೆಯೂ ಒಂದೇ. ಆದರೂ ಜೀವನಮಟ್ಟವನ್ನು ಅಳೆಯುವ ಯಾವ ಪಟ್ಟಿ ತೆಗೆದರೂ ಒಂದು ಮೇಲ್ತುದಿಯಲ್ಲಿ, ಇನ್ನೊಂದು ಕೆಳತುದಿಯಲ್ಲಿ ಸಿಗುತ್ತದೆ. ರಾಜ್ಯದ ಪ್ರಾದೇಶಿಕ ಅಸಮಾನತೆಯ ಚರ್ಚೆಯಲ್ಲಿ ಈ ಎರಡು ಹೆಸರುಗಳು ಜೋಡಿಯಾಗಿ ಬರುವುದು ಅದಕ್ಕೇ.

ಅಂಕಿಗಳು

2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ರಾಜ್ಯದ ಸರಾಸರಿ ಶೇ. 75.36. ಹೆಂಗಸರನ್ನಷ್ಟೇ ಎಣಿಸಿದರೆ ಕಂದಕ ಇನ್ನೂ ಆಳ: ಅಲ್ಲಿ ನೂರಕ್ಕೆ ಸುಮಾರು 84 ಮಂದಿ ಓದು ಬರಹ ಬಲ್ಲವರು, ಇಲ್ಲಿ ಸುಮಾರು 41. ರಾಜ್ಯ ಸರ್ಕಾರದ 2005ರ ಮಾನವ ಅಭಿವೃದ್ಧಿ ವರದಿಯಲ್ಲಿ (ಅಂಕಿಗಳು 2001ರವು) ಬೆಂಗಳೂರು ನಗರದ ನಂತರ ಎರಡನೆಯ ಸ್ಥಾನ ದಕ್ಷಿಣ ಕನ್ನಡದ್ದು, ಸೂಚ್ಯಂಕ 0.722. ಆಗ ಯಾದಗಿರಿ ಇನ್ನೂ ಗುಲ್ಬರ್ಗ ಜಿಲ್ಲೆಯ ಭಾಗ. ಗುಲ್ಬರ್ಗ 0.564 ಪಡೆದು ಕೊನೆಯಿಂದ ಎರಡನೆಯದಾಗಿತ್ತು, ನೆರೆಯ ರಾಯಚೂರು 0.547ರೊಂದಿಗೆ ಕೊನೆಯದು. ತಲಾ ಆದಾಯದಲ್ಲಿಯೂ ಬೆಂಗಳೂರು ನಗರದ ನಂತರದ ಹೆಸರು ದಕ್ಷಿಣ ಕನ್ನಡ. ಈಚಿನ ವರ್ಷಗಳ ಆರ್ಥಿಕ ಸಮೀಕ್ಷೆಗಳಲ್ಲಿ ಕಲಬುರಗಿ (ಹಿಂದಿನ ಗುಲ್ಬರ್ಗ), ಯಾದಗಿರಿಗಳ ತಲಾ ಆದಾಯ ಅದರ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ರಾಜ್ಯದ ಅತಿ ಬಡ ಜಿಲ್ಲೆ ಯಾದಗಿರಿ.

ಈ ಅಂಕಿಗಳಲ್ಲಿ ತಲಾ ಆದಾಯವನ್ನು ತುಸು ಅನುಮಾನದಿಂದಲೇ ನೋಡಬೇಕು. ಜಿಲ್ಲೆಯ ಆದಾಯವೆಂದರೆ ಆ ಜಿಲ್ಲೆಯ ಗಡಿಯೊಳಗೆ ಉತ್ಪತ್ತಿಯಾದದ್ದರ ಮೌಲ್ಯ. ಸುರತ್ಕಲ್ ಕಡೆಯ ತೈಲ ಶುದ್ಧೀಕರಣಾಗಾರವೂ ಪಣಂಬೂರಿನ ಬಂದರೂ ದಕ್ಷಿಣ ಕನ್ನಡದ ಲೆಕ್ಕಕ್ಕೆ ಸೇರುತ್ತವೆ. ಆ ಮೊತ್ತವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಬೆಳ್ತಂಗಡಿಯ ಬೀಡಿ ಕಟ್ಟುವ ಹೆಂಗಸಿನ ಪಾಲಿಗೂ ಕಾಗದದ ಮೇಲೆ ಒಂದಿಷ್ಟು ಪೆಟ್ರೋಲ್ ಬರುತ್ತದೆ. ಅತ್ತ ದುಬೈಯಲ್ಲಿರುವ ಮಗ ಅದೇ ಹೆಂಗಸಿಗೆ ಕಳಿಸುವ ಹಣ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಸಾಕ್ಷರತೆ, ಶಿಶುಮರಣ, ಹೆರಿಗೆ ಎಲ್ಲಾಯಿತು, ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂಬಂಥ ಅಳತೆಗಳೇ ಹೆಚ್ಚು ನಂಬಿಕೆಗೆ ಅರ್ಹ. ಅವುಗಳಲ್ಲಿಯೂ ಅಂತರ ಹಾಗೆಯೇ ಉಳಿಯುತ್ತದೆ ಎಂಬುದು ಬೇರೆ ಮಾತು.

ಅಂತರ ಬೆಳೆದ ಬಗೆ

ಕರಾವಳಿಯಲ್ಲಿ ಮಳೆ ಹೆಚ್ಚು, ಯಾದಗಿರಿಯಲ್ಲಿ ಬಿಸಿಲು ಹೆಚ್ಚು, ಅಂತರ ಇಷ್ಟರಲ್ಲೇ ಇದೆ ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಮಳೆಯ ವ್ಯತ್ಯಾಸ ನಿಜವೇ. ಕರಾವಳಿಗೆ ವರ್ಷಕ್ಕೆ 4,000 ಮಿ.ಮೀ. ಸನಿಹ ಮಳೆ, ಯಾದಗಿರಿಗೆ ಅದರ ಐದನೆಯ ಒಂದು ಭಾಗವೂ ಕಷ್ಟ. ಆದರೆ ದಕ್ಷಿಣ ಕನ್ನಡದ ಜಂಬಿಟ್ಟಿಗೆ ಮಣ್ಣು ಬಡವು, ನೀರು ನಿಲ್ಲದ್ದು. ಗದ್ದೆಗಳು ಅಂಗೈಯಗಲ. ಕೃಷ್ಣಾ ತೀರದ ಎರೆಹೊಲ ಅದಕ್ಕಿಂತ ಎಷ್ಟೋ ಪಾಲು ಫಲವತ್ತು. ರೈಲಿನ ಕಥೆಯಂತೂ ಇನ್ನೂ ವಿಚಿತ್ರ. ಮುಂಬಯಿ ಮತ್ತು ಮದರಾಸುಗಳ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಆ ಮುಖ್ಯ ಹಳಿಯ ಮೇಲೆಯೇ ಇದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಘಟ್ಟ ಇಳಿದು ಹಾಸನದಿಂದ ಬರುವ ಹಳಿ ಮುಗಿಯಲು 1979 ಆಯಿತು, ಕೊಂಕಣ ರೈಲಿಗೆ 1998. ಹಳಿ ಬಿದ್ದರೆ ಊರು ಏಳುತ್ತದೆ ಎನ್ನುವವರು ಯಾದಗಿರಿಗೆ ಉತ್ತರ ಹೇಳಬೇಕಾಗುತ್ತದೆ.

ವ್ಯತ್ಯಾಸಕ್ಕೆ ಕಾರಣ ಬೇರೆ ಕಡೆ ಇದೆ. ಶಾಲೆ, ಬ್ಯಾಂಕು, ಜಮೀನಿನ ಹಕ್ಕು ಇವು ಸಾಮಾನ್ಯರ ಕೈಗೆ ಬಂದ ಇಸವಿಗಳಲ್ಲಿ ಅದು ಸಿಗುತ್ತದೆ. ಮಂಗಳೂರು ಮದರಾಸು ಪ್ರಾಂತ್ಯದಲ್ಲಿತ್ತು. ಬಾಸೆಲ್ ಮಿಶನ್ನಿನವರು ಅಲ್ಲಿ ಬಂದಿಳಿದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ, ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯ ಮೂಲ 1848. ಸೇಂಟ್ ಅಲೋಶಿಯಸ್ ಕಾಲೇಜು ಮತ್ತು ಫಾದರ್ ಮುಲ್ಲರ್ ಆಸ್ಪತ್ರೆ ಎರಡೂ 1880ರವು. ದಲಿತರ ಮಕ್ಕಳಿಗಾಗಿ ಶಾಲೆ ನಡೆಸಿದ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಬ್ಯಾಂಕುಗಳ ಸಾಲಂತೂ ಎಲ್ಲರಿಗೂ ಗೊತ್ತಿರುವುದೇ: ಕೆನರಾ ಮತ್ತು ಕಾರ್ಪೊರೇಶನ್ 1906, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಇವುಗಳಲ್ಲಿ, ಆಗ ಇದೇ ಜಿಲ್ಲೆಗೆ ಸೇರಿದ್ದ ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿ ಬದುಕಿನ ಮಟ್ಟದ ದೃಷ್ಟಿಯಿಂದ ದೊಡ್ಡ ಸಂಗತಿ. ಏಜೆಂಟ್ ದಿನಾ ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ. ಮೀನು ಮಾರುವವಳೂ ನೇಯುವವನೂ ಬ್ಯಾಂಕಿನ ಗಿರಾಕಿಯಾದರು. ಬಡವನ ಬಳಿ ಉಳಿತಾಯ ಇದ್ದರೆ ಕಾಯಿಲೆ ಬಿದ್ದಾಗ ಹೊಲ ಮಾರಬೇಕಾಗಿಲ್ಲ.

ಅದೇ ಕಾಲದಲ್ಲಿ ಯಾದಗಿರಿಯ ಸೀಮೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಸುರಪುರದ ನಾಯಕರ ಸಂಸ್ಥಾನ 1858ರಲ್ಲಿ ಬ್ರಿಟಿಷರಿಗೆ ಬಿದ್ದು, 1860ರಲ್ಲಿ ನಿಜಾಮನ ಪಾಲಾಯಿತು. ಆಡಳಿತ, ಕೋರ್ಟು, ಮೇಲ್ಮಟ್ಟದ ಶಿಕ್ಷಣ ಎಲ್ಲವೂ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಮನೆಯಲ್ಲಿ ಕನ್ನಡವಾಡುವ ರೈತನ ಮಗುವಿಗೆ ಅಕ್ಷರವೇ ಪರಭಾಷೆ. ಜಮೀನಿನ ದೊಡ್ಡ ಪಾಲು ಜಾಗೀರದಾರರು ಮತ್ತು ದೇಶಮುಖರ ಹಿಡಿತದಲ್ಲಿ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷ ಜಾಗೀರು ರದ್ದಾಯಿತು. ಮಂಗಳೂರಿನಲ್ಲಿ ಮೂರು ತಲೆಮಾರು ಶಾಲೆಗೆ ಹೋಗಿ ಮುಗಿಸಿದ್ದ ಹೊತ್ತಿಗೆ ಇಲ್ಲಿ ಮೊದಲ ತಲೆಮಾರು ಹೊಸ್ತಿಲು ತುಳಿಯುತ್ತಿತ್ತು. ಆಮೇಲೆ ಸರ್ಕಾರ ಎರಡೂ ಕಡೆ ಸಮನಾಗಿ ಕೊಟ್ಟದ್ದೂ ಉಂಟು. ಮಂಗಳೂರು ಮತ್ತು ಗುಲ್ಬರ್ಗ ವಿಶ್ವವಿದ್ಯಾಲಯಗಳು ಒಂದೇ ವರ್ಷ, 1980ರಲ್ಲಿ, ಹುಟ್ಟಿದವು. ಸರ್ಕಾರದ ಕೊಡುಗೆಯಲ್ಲದ ಗುಲ್ಬರ್ಗದ ಖಾಸಗಿ ಎಂಜಿನಿಯರಿಂಗ್ ಕಾಲೇಜಂತೂ (1958) ಸುರತ್ಕಲ್‌ನ ಕೆ.ಆರ್.ಇ.ಸಿ.ಗಿಂತ (1960) ಎರಡು ವರ್ಷ ಹಿರಿಯದು. ಆದರೆ ಪ್ರಾಥಮಿಕ ಶಾಲೆಯೇ ತೆಳ್ಳಗಿರುವ ಕಡೆ ಕಾಲೇಜಿಗೆ ಬರುವವರು ಯಾರು?

ಜಮೀನು, ನೀರು

ಉಳುವವನಿಗೆ ಭೂಮಿ ಕೊಡುವ 1974ರ ಭೂಸುಧಾರಣೆ ರಾಜ್ಯದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಜಿಲ್ಲೆಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡ ಒಂದು. ಅಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಒಕ್ಕಲುತನದ ಪದ್ಧತಿಗಳು ದಾಖಲೆಯಲ್ಲಿದ್ದವು. ಒಕ್ಕಲುಗಳಿಗೆ ಓದು ಬರುತ್ತಿತ್ತು, ರೈತ ಸಂಘಟನೆಗಳಿದ್ದವು, ಅರ್ಜಿ ತುಂಬಿಸಿ ಕೊಡುವವರಿದ್ದರು. ಧನಿಗಳ ಮನೆಗೆ ಗೇಣಿ ಅಕ್ಕಿ ಹೊರುತ್ತಿದ್ದ ಸಾವಿರಾರು ಕುಟುಂಬಗಳು ಎರಡೋ ಮೂರೋ ಎಕರೆಯ ಒಡೆತನ ಪಡೆದವು. ಆ ತುಂಡು ಗದ್ದೆ ಅಡಿಕೆ ತೋಟವಾಯಿತು, ತೋಟ ಮಕ್ಕಳ ಕಾಲೇಜು ಫೀಸಾಯಿತು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಅಡಿಕೆ ಬೆಳೆಗಾರನ ಬೆನ್ನಿಗೆ ನಿಂತಿತು. ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳ ಅಳಿಯಸಂತಾನ ಪದ್ಧತಿಯಲ್ಲಿ ಹೆಣ್ಣಿನ ಕಡೆಯಿಂದಲೇ ಆಸ್ತಿ ಇಳಿದು ಬರುತ್ತಿದ್ದುದೂ ಹೆಣ್ಣುಮಕ್ಕಳ ಸ್ಥಾನಕ್ಕೆ ಸಹಾಯ ಮಾಡಿರಬೇಕು.

ಯಾದಗಿರಿಯಲ್ಲಿ ಕೈತುಂಬ ಬಂದದ್ದು ಭೂಮಿಗಿಂತ ನೀರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರದ ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಲಾಭವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಭತ್ತ ಬೆಳೆಯಲು ಬೇಕಾದ ಬಂಡವಾಳ ಇಲ್ಲದವರು ಹೊಲವನ್ನು ಲಾವಣಿಗೆ ಕೊಟ್ಟರು, ಕೆಲವರು ಮಾರಿದರು. ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ‘ಕ್ಯಾಂಪು’ಗಳು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹಿಂದೆಯೇ ಎದ್ದಿದ್ದವು, ಇತ್ತಲೂ ಬಂದವು. ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತು ನೆಲ ಸವುಳಾಗುತ್ತದೆ, ಕೊನೆಯ ಭಾಗದಲ್ಲಿ ರೈತ ಕಾಲುವೆಯ ದಂಡೆಯ ಮೇಲೆ ಕೂತು ನೀರು ಕಾಯುತ್ತಾನೆ. ಒಡೆಯನೇ ತನ್ನ ಹೊಲದಲ್ಲಿ ಕೂಲಿಯಾದ ಉದಾಹರಣೆಗಳನ್ನು ಈ ಸೀಮೆಯಲ್ಲಿ ಹುಡುಕಬೇಕಾಗಿಲ್ಲ.

ಕುಡಿಯುವ ನೀರಿನ ಮಾತು ಬೇರೆ. ಕರಾವಳಿಯಲ್ಲಿ ಮನೆಗಳು ದೂರ ದೂರ. ಪ್ರತಿ ಮನೆಯ ಹಿತ್ತಲಲ್ಲಿ ಕೆಂಪುಕಲ್ಲು ಕಡಿದ ಬಾವಿ, ಬಾವಿಕಟ್ಟೆಗೆ ರಾಟೆ, ಈಗ ಮೋಟಾರು. ಹೆಂಗಸಿನ ದಿನದಲ್ಲಿ ನೀರಿಗೆ ಹೋಗುವ ಹೊತ್ತು ಹತ್ತು ನಿಮಿಷ. ಯಾದಗಿರಿಯ ಊರುಗಳು ಒತ್ತೊತ್ತಾದ ಮಾಳಿಗೆ ಮನೆಗಳ ಗುಂಪು. ನೆಲಕ್ಕೆ ಶಹಾಬಾದ್ ಕಲ್ಲಿನ ಹಾಸು, ನೀರಿಗೆ ಊರ ಮುಂದಿನ ನಳ. ಬೇಸಗೆಯಲ್ಲಿ ನಳದ ಮುಂದೆ ಕೊಡಗಳ ಸಾಲು, ಕೊಡಕ್ಕೊಂದು ಕಲ್ಲು ಗುರುತಿಗೆ. ರಾಯಚೂರು, ಯಾದಗಿರಿಯ ಕೆಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ಕೊಳವೆಬಾವಿಯ ನೀರು ಕುಡಿದು ಜನ ಚರ್ಮರೋಗಕ್ಕೂ ಕ್ಯಾನ್ಸರಿಗೂ ಈಡಾದದ್ದು ವರದಿಯಾಗಿದೆ.

ಊಟ ಮತ್ತು ಕೂಲಿ

ಕರಾವಳಿಯವರ ಅನ್ನ ಕುಚ್ಚಲಕ್ಕಿಯದು, ಜೊತೆಗೆ ಮೀನು. ಯಾದಗಿರಿಯವರದು ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಲೆ. ಪೌಷ್ಟಿಕತೆಯ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕೆ ಸೋಲಬೇಕಾಗಿಲ್ಲ. ಆದರೆ ಪಡಿತರದ ಬಿಳಿ ಅಕ್ಕಿ ಬಂದ ಮೇಲೆ ಬಡವರ ತಟ್ಟೆಯಿಂದ ಜೋಳ ಹಿಂದೆ ಸರಿಯಿತು. ಜೋಳದ ಬೆಲೆ ಅಕ್ಕಿಗಿಂತ ಮೇಲೆ ಹೋಗಿದೆ. ಮಕ್ಕಳ ಬೆಳವಣಿಗೆ ಕುಂಠಿತವಾಗಿರುವ ಜಿಲ್ಲೆಗಳ ಸಾಲಿನಲ್ಲಿ ಯಾದಗಿರಿಯ ಹೆಸರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕರಾವಳಿಯವರೂ ಪಡಿತರದಲ್ಲಿ ಕುಚ್ಚಲಕ್ಕಿಯೇ ಬೇಕೆಂದು ವರ್ಷಗಟ್ಟಲೆ ಕೇಳಿದ್ದಾರೆ. ಅವರಿಗೆ ಅದು ರುಚಿಯ ಬೇಡಿಕೆ, ಇತ್ತ ಹೊಟ್ಟೆಯ ಪ್ರಶ್ನೆ.

ಹೆಂಗಸರ ಕೈಗೆ ನಗದು ಸಿಗುವ ದಾರಿಯನ್ನು ಹೋಲಿಸಿ ನೋಡಿದರೆ ಎರಡು ಜಿಲ್ಲೆಗಳ ಬದುಕು ಹೆಚ್ಚು ಸ್ಪಷ್ಟವಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಅದು ಬೀಡಿ. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲೆ ಗೆರಸೆ. ಕತ್ತರಿಯಿಂದ ಎಲೆ ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು, ಒಂದು ಸುತ್ತು ನೂಲು. ಕಣ್ಣು ಟಿ.ವಿ.ಯ ಕಡೆ, ಬೆರಳುಗಳು ತಾವಾಗಿ ಓಡುತ್ತವೆ. ಕಟ್ಟಿದ್ದನ್ನು ಬ್ರಾಂಚಿಗೆ ಒಯ್ದು ಕೊಟ್ಟರೆ ಮಜೂರಿ, ಭವಿಷ್ಯನಿಧಿ, ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ. ಕೂಲಿ ಕಡಿಮೆ, ಕೆಮ್ಮು ಖಚಿತ, ಬೆನ್ನು ನೋವು ತಪ್ಪಿದ್ದಲ್ಲ. ಆದರೂ ಈ ದುಡ್ಡಿನಲ್ಲಿ ಮಗಳು ಪಿಯುಸಿ ಮುಗಿಸಿದ ಮನೆಗಳು ಜಿಲ್ಲೆಯ ತುಂಬ ಇವೆ. ಕೆಲಸ ಮನೆಗೇ ಬರುವುದರಿಂದ ಮಗು ಶಾಲೆ ಬಿಡಬೇಕಾಗಲಿಲ್ಲ, ಇದು ಮುಖ್ಯ.

ಯಾದಗಿರಿಯಲ್ಲಿ ನಗದು ಸಿಗುವುದು ಹೊಲದಲ್ಲಿ, ಋತುವಿಗೆ ತಕ್ಕಂತೆ. ಹತ್ತಿ ಬಿಡಿಸುವ ಕಾಲ ಬಂದರೆ ಬೆಳಗ್ಗೆ ಟಂಟಂ ಗಾಡಿಗಳಲ್ಲಿ ಹೆಂಗಸರ ಜೊತೆ ಹುಡುಗಿಯರೂ ಇರುತ್ತಾರೆ. ಬೀಜದ ಹತ್ತಿಯ ಕ್ರಾಸಿಂಗ್ ಕೆಲಸಕ್ಕೆ ಪುಟ್ಟ ಬೆರಳುಗಳೇ ಬೇಕೆನ್ನುವ ಮಾತು ಬೆಳೆಸುವವರಲ್ಲಿ ರೂಢಿ. ಶಾಲೆಯ ಹಾಜರಿ ಪುಸ್ತಕ ನೋಡಿದರೆ ಹತ್ತಿಯ ಹಂಗಾಮು ಯಾವುದೆಂದು ಕ್ಯಾಲೆಂಡರ್ ಇಲ್ಲದೆ ಹೇಳಬಹುದು.

ಶಾಲೆ, ಆಸ್ಪತ್ರೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಮೇಲೆ ಉಡುಪಿ, ದಕ್ಷಿಣ ಕನ್ನಡ, ಕೆಳಗೆ ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕದ) ಜಿಲ್ಲೆಗಳು ಎಂಬುದು ಹಲವು ವರ್ಷಗಳಲ್ಲಿ ಕಂಡುಬಂದದ್ದು. 2024ರಲ್ಲಿ ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾ ಕಣ್ಗಾವಲಿಗೆ ತಂದಾಗ ದಕ್ಷಿಣ ಕನ್ನಡದಲ್ಲಿ ಶೇ. 92.12 ಮಕ್ಕಳು ಪಾಸಾದರು, ಕೊನೆಯ ಸ್ಥಾನದ ಯಾದಗಿರಿಯಲ್ಲಿ ಶೇ. 50.59. ಮಕ್ಕಳನ್ನು ದೂರುವ ಮುನ್ನ ಶಿಕ್ಷಕರ ಖಾಲಿ ಹುದ್ದೆಗಳನ್ನು ನೋಡಬೇಕು. ನೇಮಕವಾದವರೂ ದಕ್ಷಿಣದ ಕಡೆಗೆ ವರ್ಗಾವಣೆ ಕೇಳುತ್ತಾರೆ. ಒಬ್ಬ ಅತಿಥಿ ಶಿಕ್ಷಕ ಎರಡು ಮೂರು ವಿಷಯ ಕಲಿಸುವ ಪ್ರೌಢಶಾಲೆಯಲ್ಲಿ ಅರ್ಧದಷ್ಟು ಮಕ್ಕಳು ಪಾಸಾದದ್ದೇ ಒಂದು ಸಾಧನೆ ಎಂಬುದು ಈ ಲೇಖಕನ ಅಭಿಪ್ರಾಯ.

ಆಸ್ಪತ್ರೆಯ ವಿಷಯದಲ್ಲಿ ಹೋಲಿಕೆಯೇ ಸಾಧ್ಯವಿಲ್ಲ. ದಕ್ಷಿಣ ಕನ್ನಡ ಒಂದರಲ್ಲೇ ಹಲವಾರು ವೈದ್ಯಕೀಯ ಕಾಲೇಜುಗಳಿವೆ. ಕೇರಳದ ಕಾಸರಗೋಡಿನವರೂ ಚಿಕಿತ್ಸೆಗೆ ಮಂಗಳೂರಿಗೇ ಬರುತ್ತಾರೆ. ಯಾದಗಿರಿಯ ರೋಗಿಗೆ ತುರ್ತು ಬಂದರೆ ಕಲಬುರಗಿ, ರಾಯಚೂರು, ಅಲ್ಲೂ ಆಗದಿದ್ದರೆ ಸೊಲ್ಲಾಪುರ ಅಥವಾ ಹೈದರಾಬಾದ್. ಸರ್ಕಾರಿ ವೈದ್ಯಕೀಯ ಕಾಲೇಜು ಯಾದಗಿರಿಗೆ ಬಂದದ್ದು ಈಚೆಗೆ.

ಯಾದಗಿರಿಯ ಕಡೆ ಬಿಸಿಲೂ ಆಡಳಿತದ ಒಂದು ಅಂಗ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕೂಲಿಯವರಿಗೆ ಅಂಥ ಆದೇಶ ಇಲ್ಲ.

ಅಳತೆಗೆ ಸಿಗದ್ದು

ಮೇಲ್ತುದಿಯ ಜಿಲ್ಲೆಯಲ್ಲಿ ಎಲ್ಲರೂ ಮೇಲಿಲ್ಲ. ದಕ್ಷಿಣ ಕನ್ನಡದ ಕೊರಗರು ವಿಶೇಷವಾಗಿ ದುರ್ಬಲ ಬುಡಕಟ್ಟೆಂದು ಗುರುತಿಸಲ್ಪಟ್ಟವರು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸುತ್ತಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ಪರಿಣಾಮವನ್ನು ಹಾಸಿಗೆ ಹಿಡಿದ ಮಕ್ಕಳೂ ಅವರ ತಾಯಂದಿರೂ ಇನ್ನೂ ಅನುಭವಿಸುತ್ತಿದ್ದಾರೆ. ಮಂಗಳೂರು ನಗರ ರಾಜ್ಯದಲ್ಲಿ ಮಲೇರಿಯಾಕ್ಕೆ ಹೆಸರಾದದ್ದು, ಅದೂ ಹೆಚ್ಚಾಗಿ ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರಿನಿಂದ.

ಇನ್ನೊಂದು ಸಂಗತಿ ಯಾವ ಸೂಚ್ಯಂಕದಲ್ಲೂ ಇಲ್ಲ. ಬೇರೆ ಧರ್ಮದ ಸಹಪಾಠಿಯ ಜೊತೆ ಬಸ್ಸಿನಲ್ಲಿ ಕೂತ ಹುಡುಗಿಯನ್ನು ತಡೆದು ಕೇಳುವ ‘ಅನೈತಿಕ ಪೊಲೀಸ್‌ಗಿರಿ’ ಎಂಬ ಮಾತು ಕನ್ನಡ ಪತ್ರಿಕೆಗಳಿಗೆ ಹೆಚ್ಚಾಗಿ ಒದಗಿದ್ದು ಕರಾವಳಿಯಿಂದ. ಕೋಮು ಕೊಲೆಗಳಾದಾಗ ಸಂಜೆಯ ಅಂಗಡಿ ಬೀದಿ ಬೇಗ ಖಾಲಿಯಾಗುತ್ತದೆ. ಯಾದಗಿರಿ ಸೀಮೆಯಲ್ಲಿ ತಿಂಥಣಿಯ ಮೌನೇಶ್ವರನ ಜಾತ್ರೆಗೆ, ಊರೂರಿನ ಮೊಹರಂ ಅಲಾಯಿಗೆ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ. ಆದರೆ ಅಲ್ಲಿಯೂ ದಲಿತರಿಗೆ ಹೋಟೆಲಿನಲ್ಲಿ ಬೇರೆ ಲೋಟ, ಗುಡಿಯ ಬಾಗಿಲಲ್ಲಿ ತಡೆ ಎಂಬ ದೂರುಗಳು ನಿಂತಿಲ್ಲ. ನೆಮ್ಮದಿಯನ್ನು ಒಂದು ಜಿಲ್ಲೆಗೆ ಪೂರ್ತಿ ಬರೆದುಕೊಡಲು ಆಗುವುದಿಲ್ಲ.

ಸರಿಪಡಿಸುವ ಯತ್ನಗಳು

ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಈಗ ಯಾದಗಿರಿ ಜಿಲ್ಲೆಯಾಗಿರುವ ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರಲ್ಲಿದ್ದವು. ದಕ್ಷಿಣ ಕನ್ನಡದ ಒಂದು ತಾಲ್ಲೂಕೂ ಆ 39ರಲ್ಲಿ ಇರಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಬೇಕೆಂದು ಸಮಿತಿ ಹೇಳಿತು. ಹಣದ ಒಂದಷ್ಟು ಭಾಗ ಬಂತು, ಬಂದದ್ದರಲ್ಲಿ ಬಹಳಷ್ಟು ರಸ್ತೆ ಮತ್ತು ಕಟ್ಟಡಗಳಿಗೆ ಹೋಯಿತು.

2009ರ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ನಡೆಸಿದ ಹೋರಾಟದ ಫಲವಾಗಿ ಸಂವಿಧಾನಕ್ಕೆ 371ಜೆ ವಿಧಿ ಸೇರಿ, 2013ರಿಂದ ಜಾರಿಗೆ ಬಂತು. ಹೈದರಾಬಾದ್ ಕರ್ನಾಟಕ ಭಾಗದ ಶಿಕ್ಷಣ ಸಂಸ್ಥೆಗಳ ಶೇ. 70 ಸೀಟುಗಳು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ. 8. ವೈದ್ಯಕೀಯ ಸೀಟು ಹಿಡಿದ ತಾಂಡಾದ ಮಕ್ಕಳ ಸುದ್ದಿ ಈಗ ಅಪರೂಪವಲ್ಲ, ಇದು ಕಣ್ಣಿಗೆ ಕಾಣುವ ಬದಲಾವಣೆ. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೊಸ ಹೆಸರು ಸಿಕ್ಕಿತು, ಹೆಸರಿಗೆ ಖರ್ಚು ಕಡಿಮೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಒಂದು ತಮಾಷೆಯ ತಿರುವು ತಂದಿತು. ಹೆಂಗಸರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರು ನಗರದಲ್ಲೂ ಹಳ್ಳಿಯ ಅನೇಕ ದಾರಿಗಳಲ್ಲೂ ಓಡುವುದು ಖಾಸಗಿ ಬಸ್ಸು. ಹೀಗಾಗಿ ಈ ಒಂದು ವಿಷಯದಲ್ಲಿ ಯಾದಗಿರಿಯ ಹೆಂಗಸು ಮಂಗಳೂರಿನವಳಿಗಿಂತ ಅನುಕೂಲಸ್ಥೆ.

ಊರು ಬಿಡುವವರು

ಎರಡೂ ಜಿಲ್ಲೆಗಳು ಜನರನ್ನು ಹೊರಗೆ ಕಳಿಸುತ್ತವೆ. ಕರಾವಳಿಯ ಹುಡುಗ ಮುಂಬಯಿಗೆ ಹೋಟೆಲು ಕೆಲಸಕ್ಕೆ ಹೋದ, ರಾತ್ರಿ ಶಾಲೆಯಲ್ಲಿ ಓದಿದ, ಮುಂದೆ ಅವನ ಮಕ್ಕಳು ಕೊಲ್ಲಿ ದೇಶಗಳಿಗೆ ಹೋದರು. ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಅಲ್ಲಿಂದಲೇ. ಹಿಂದೆ ಉಳಿದ ದೊಡ್ಡ ಮನೆಯಲ್ಲಿ ಈಗ ಮುದುಕ ಮುದುಕಿ, ಒಬ್ಬ ಹೋಂ ನರ್ಸ್.

ಯಾದಗಿರಿಯಲ್ಲಿ ಇದಕ್ಕೆ ‘ಗುಳೆ’ ಎನ್ನುತ್ತಾರೆ, ಮತ್ತು ಗುಳೆ ಒಬ್ಬೊಬ್ಬರಾಗಿ ಹೋಗುವುದಲ್ಲ. ರಾಶಿ ಮುಗಿದ ಮೇಲೆ ಯಾದಗಿರಿ ನಿಲ್ದಾಣದಲ್ಲಿ ಬೆಂಗಳೂರಿನ ಕಡೆಯ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುವ ಗುಂಪು ನೋಡಿದರೆ ಗೊತ್ತಾಗುತ್ತದೆ. ಜೋಳದ ಹಿಟ್ಟಿನ ಚೀಲ, ರೊಟ್ಟಿ ಬಡಿಯುವ ಕೊಣಮಿಗೆ, ಪ್ಲಾಸ್ಟಿಕ್ ಕೊಡ, ಕಂಬಳಿಯಲ್ಲಿ ಕಟ್ಟಿದ ಪಾತ್ರೆ, ಮೇಲೆ ಕೂತ ಮಗು. ಮೇಸ್ತ್ರಿಯ ಕೈಯಿಂದ ಮುಂಗಡ ರೊಕ್ಕ ಆಗಲೇ ಬಂದು ಖರ್ಚಾಗಿರುತ್ತದೆ. ಮುದುಕರು ಮನೆ ಕಾಯಲು ಉಳಿಯುತ್ತಾರೆ.

ಈ ಗುಂಪಿನ ಒಂದು ಭಾಗ ಘಟ್ಟ ಇಳಿದು ಮಂಗಳೂರಿಗೇ ಬರುತ್ತದೆ. ಅಲ್ಲಿನ ಬಹುಮಹಡಿಗಳಿಗೆ ಸೆಂಟ್ರಿಂಗ್ ಕಟ್ಟುವವರು, ಚರಂಡಿ ಅಗೆಯುವವರು ಬಹಳಷ್ಟು ಮಂದಿ ಉತ್ತರ ಕರ್ನಾಟಕದವರು. ಸ್ಥಳೀಯರು ‘ಘಟ್ಟದವರು’ ಎನ್ನುತ್ತಾರೆ, ಅದನ್ನು ಯಾವ ದನಿಯಲ್ಲಿ ಎನ್ನುತ್ತಾರೆ ಎಂಬುದು ಕೇಳಿದವರಿಗೆ ಗೊತ್ತು. ಕೆಲಸದ ಜಾಗದ ತಗಡಿನ ಶೆಡ್ಡು ಅವರ ಮನೆ. ಊರಿನಲ್ಲಿ ಸಿಗುವುದಕ್ಕಿಂತ ಕೂಲಿ ಹೆಚ್ಚು, ಮಲೇರಿಯಾವೂ ಹೆಚ್ಚು. ಮಂಗಳೂರಿನ ಮಧ್ಯಮ ವರ್ಗ ಇಂಗ್ಲಿಷ್ ಶಾಲೆಗೆ ಸರಿದ ಮೇಲೆ ಖಾಲಿಯಾಗುತ್ತಿದ್ದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಕೆಲವು ಈಗ ಈ ಮಕ್ಕಳಿಂದಲೇ ಉಸಿರಾಡುತ್ತಿವೆ. ಹಾಜರಿ ಕರೆದಾಗ ಹೆಸರುಗಳು ಮಲ್ಲಮ್ಮ, ಯಲ್ಲಪ್ಪ, ಭೀಮಪ್ಪ. ಟೀಚರು ‘ಬನ್ನಿ ಮಕ್ಕಳೇ’ ಎಂದು ಪುಸ್ತಕದ ಕನ್ನಡದಲ್ಲಿ ಕರೆದರೆ ‘ಬಂದೆನ್ರೀ’ ಎಂದು ಓಡಿಬರುತ್ತವೆ. ಆರು ತಿಂಗಳಲ್ಲಿ ಆಟದ ಬಯಲಿನಲ್ಲಿ ತುಳು ಕಲಿಯುತ್ತವೆ. ಉಗಾದಿಗೆ ಊರಿಗೆ ಹೋದವರಲ್ಲಿ ಕೆಲವರು ಜೂನ್‌ನಲ್ಲಿ ಮರಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಲವು ವಾರ ‘ಗೈ’ (ಗೈರುಹಾಜರು) ಎಂದು ಬರೆದು, ಆಮೇಲೆ ಹೆಸರನ್ನೇ ತೆಗೆಯುತ್ತಾರೆ. ಆ ಮಗು ದಕ್ಷಿಣ ಕನ್ನಡದ ಲೆಕ್ಕದಿಂದ ಹೋಯಿತು, ಯಾದಗಿರಿಯ ಯಾವ ಶಾಲೆಯ ಲೆಕ್ಕಕ್ಕೂ ಇನ್ನೂ ಬಂದಿಲ್ಲ.